ಗಾಳಿ ತುಂಬುವ ಗುಂಡಿ

ಮನೆಮಂದಿಯೆಲ್ಲ ಅವಳನ್ನು ಕರೆಯುತ್ತಿದ್ದದ್ದು ‘ನಿಘಂಟು’ ಎಂದು. ಯಂತ್ರಗಳ ಜೊತೆ ಬರುವ ಕೈಪಿಡಿಗಳನ್ನು ನಮ್ಮ ಭಾಷೆಗೆ ತರುವುದು ಅವಳ ಇಪ್ಪತ್ತೆರಡು ವರ್ಷಗಳ ಕಸುಬು. ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಪಂಪು, ಹಲ್ಲಿನ ವೈದ್ಯರ ಕುರ್ಚಿ, ಯಾವುದನ್ನೂ ಬಿಟ್ಟವಳಲ್ಲ; ಯಾವುದನ್ನೂ ಮುಟ್ಟಿದವಳೂ ಅಲ್ಲ. ಕೈಪಿಡಿಯಲ್ಲಿ ಅನುವಾದಕರ ಹೆಸರು ಹಾಕುವುದಿಲ್ಲವಾದ್ದರಿಂದ, ಬೈಯುವವರಿಗೆ ವಿಳಾಸ ಸಿಗದೆ ಅವಳು ಸುಖವಾಗಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ-ಭಾವ ಹೊಸ ಕಾರಿನಲ್ಲಿ ಬಂದು ಅವಳನ್ನು ಸುತ್ತಾಡಲು ಕರೆದೊಯ್ದರು. ಭಾವ ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸುವ ಅಧಿಕಾರಿ. ಅಚ್ಚಾದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುವ ಮನುಷ್ಯ. ಊರು ದಾಟುವಷ್ಟರಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು: ಕುದುರೆ ಲಾಳದಂಥ ಗೆರೆ, ನಡುವೆ ಉದ್ಗಾರ ಚಿಹ್ನೆ. ಭಾವನಿಗೆ ಹುರುಪು ಬಂತು. ಕಾರನ್ನು ಬದಿಗೆ ನಿಲ್ಲಿಸಿ ಕೈಪಿಡಿ ತೆಗೆದರು.

“ಈ ತಿಂಗಳಲ್ಲಿ ಇದು ಮೂರನೇ ಸಲ. ಹೇಗೆ ಮಾಯ ಮಾಡ್ತೀನಿ ನೋಡ್ತಿರು,” ಎಂದು ಗಟ್ಟಿಯಾಗಿ ಓದಿದರು: “‘ಚಕ್ರವಾಯು ಒತ್ತಡವನ್ನು ಸರಿಪಡಿಸುವ ಸಲುವಾಗಿ, ಪುನಃಸ್ಥಾಪನಾ ಗುಂಡಿಯನ್ನು ದೀಪವು ಮೂರು ಬಾರಿ ಮಿನುಗುವ ತನಕ ಒತ್ತಿ ಹಿಡಿಯತಕ್ಕದ್ದು.’”

ಒತ್ತಿ ಹಿಡಿದರು. ದೀಪ ಮೂರು ಸಲ ಮಿನುಗಿ ಆರಿತು. “ಗಾಳಿ ತುಂಬ್ಕೊಳ್ತು!”

ನಿಘಂಟು ಬಗ್ಗಿ ಆ ಸಾಲನ್ನು ತಾನೇ ಓದಿದಳು. ‘ಚಕ್ರವಾಯು’ ಅವಳೇ ಹುಟ್ಟಿಸಿದ ಪದ. ಒಂದು ವಾರ ಅದರ ಮೇಲೆ ಬೀಗಿದ್ದಳು. ಆದರೆ ಮೂಲದಲ್ಲಿದ್ದದ್ದು ‘ಸರಿಪಡಿಸಿದ ಬಳಿಕ’. ಅವಸರದಲ್ಲಿ ‘ಬಳಿಕ’ ಹೋಗಿ ‘ಸಲುವಾಗಿ’ ಬಂದು ಕೂತಿತ್ತು.

“ಭಾವ, ಒಂದ್ಸಲ ಇಳಿದು ಚಕ್ರ ನೋಡೋಣ್ವಾ?”

“ದೀಪ ಆರಿದೆಯಲ್ಲ.”

“ನಿಂಗೇನೇ ಗೊತ್ತು ಕಾರಿನ ವಿಷಯ?” ಹಿಂದಿನ ಸೀಟಿನಿಂದ ಅಕ್ಕ.

“ಏನೂ ಗೊತ್ತಿಲ್ಲ. ಆದ್ರೆ ಈ ಪುಸ್ತಕ ಬರೆದಿದ್ದು ನಾನೇ. ಅದ್ರಲ್ಲಿ ತಪ್ಪಿದೆ.”

ಭಾವ ಪುಸ್ತಕ ನೋಡಿದರು, ನಾದಿನಿಯನ್ನು ನೋಡಿದರು. ಮುಖ ಅರಳಿತು. “ಬರೆದವಳೇ ಜೊತೆಗಿದ್ರೆ ಇನ್ನೇನು ಭಯ!” ಎಂದು ಗಾಡಿ ಬಿಟ್ಟರು. ತಪ್ಪಿನ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ.

ಎರಡು ಕಿಲೋಮೀಟರಿನ ಆಚೆ ಹಿಂದಿನ ಎಡ ಚಕ್ರ ಅಪ್ಪಚ್ಚಿಯಾಯಿತು. ಪುಣ್ಯಕ್ಕೆ ಎದುರಿಗೇ ಟೈರಿನ ಅಂಗಡಿ. ಅಲ್ಲಿನ ಹೆಂಗಸು ಮೊಳೆಯೊಂದನ್ನು ಕಿತ್ತು ಭಾವನ ಅಂಗೈಗೆ ಹಾಕಿದಳು. “ಇದು ಹೊಕ್ಕು ತುಂಬ ದಿನ ಆಗಿದೆ. ದೀಪ ಹತ್ತಲಿಲ್ವಾ?”

“ಹತ್ತಿದಾಗೆಲ್ಲ ಗುಂಡಿ ಒತ್ತಿದೀನಿ,” ಎಂದರು ಭಾವ, ಮೆಚ್ಚುಗೆಗೆ ಕಾಯುತ್ತ.

“ಸರಿಹೋಯ್ತು! ಗುಂಡಿ ಒತ್ತಿದ್ರೆ, ಈಗ ಎಷ್ಟು ಗಾಳಿ ಇದ್ಯೋ ಅಷ್ಟೇ ಸರಿ ಅಂತ ನೀವೇ ಕಾರಿಗೆ ಹೇಳ್ಕೊಟ್ಟಂಗೆ. ಪಾಪ, ಅದು ನಂಬುತ್ತೆ. ಮೊದ್ಲು ಚಕ್ರ ತಣ್ಣಗಿರುವಾಗ ನಾಲ್ಕಕ್ಕೂ ಗಾಳಿ ಹಾಕ್ಸಿ. ಎಷ್ಟು ಅಂತ ಬಾಗಿಲ ಪಕ್ಕದ ಚೀಟಿಲಿದೆ. ಆಮೇಲೆ ಗುಂಡಿ. ಆಮೇಲೆ ಸ್ವಲ್ಪ ದೂರ ಓಡ್ಸಿ, ಅದು ಕಲೀಲಿ.”

ನಿಘಂಟು ಕೈಚೀಲದಿಂದ ಪೆನ್ನು ತೆಗೆದು, ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡಳು. ಕೈಪಿಡಿಯೊಂದು ಬಾಯಿಬಿಟ್ಟು ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಮರುದಿನವೇ ಕಾರಿನ ಕಂಪನಿಗೆ ತಪ್ಪನ್ನು ತಿಳಿಸಿ ಪತ್ರ ಹಾಕಿದಳು. ಹತ್ತು ದಿನಕ್ಕೆ ಕಂಪನಿಯಿಂದ ಒಂದು ಲಕೋಟೆ ಬಂತು. ‘ಯಾರೋ ಗ್ರಾಹಕರು ನಮ್ಮ ಕೈಪಿಡಿಯಲ್ಲಿ ದೋಷವಿದೆಯೆಂದು ದೂರಿದ್ದಾರೆ. ಹಿರಿಯ ಭಾಷಾತಜ್ಞರಾದ ತಾವು ಪರಿಶೀಲಿಸಿ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ.’ ಒಳಗೆ ಮಡಚಿಟ್ಟಿದ್ದದ್ದು ಅವಳದೇ ಪತ್ರ. ಅವಳು ಅದನ್ನು ಎರಡು ಸಲ ಓದಿದಳು, ಒಂದು ಅಲ್ಪವಿರಾಮ ತಿದ್ದಿದಳು, ‘ಗ್ರಾಹಕರು ಹೇಳುವುದು ನಿಜ’ ಎಂದು ಷರಾ ಬರೆದು, ಅಂಗಡಿಯ ಹೆಂಗಸಿನ ಮಾತನ್ನೇ ಹೊಸ ಪಾಠವಾಗಿ ಕಳಿಸಿದಳು.

ಪರಿಷ್ಕೃತ ಪುಟ ಭಾವನ ಮನೆಗೂ ಅಂಚೆಯಲ್ಲಿ ಹೋಯಿತು. ಸಂಜೆಯೇ ಫೋನು ಬಂತು.

“ಓದ್ದೆ ಕಣಮ್ಮ. ಅರ್ಥ ಏನೋ ಆಗುತ್ತೆ,” ಎಂದರು ಭಾವ, ತುಸು ಬೇಸರದಿಂದ. “ಆದ್ರೆ ನಿಂದೇ ಗಂಭೀರವಾಗಿತ್ತು.”