ಅಂಗೈ ಮೇಲಿನ ನಿಂಬೆಹಣ್ಣು

ನಿಂಬೆಹಣ್ಣು ಹೆಚ್ಚಿದ ವಾಸನೆ ಬಂದರೆ ಉಳಿದವರ ಬಾಯಲ್ಲಿ ನೀರೂರುತ್ತದೆ. ನನ್ನ ಎಡಗೈ ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದರ ಕಿರುಬೆರಳಿಗೆ ತುದಿಯಿಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯ ಈ ಮನೆಯಲ್ಲಿ ಉಪ್ಪಿನಕಾಯಿಗೆ ಕೂತಾಗಲೆಲ್ಲ ಹುಟ್ಟಿದೂರು ವಾಗದರಿಯ ನಮ್ಮ ಮನೆ ಎದುರು ಬಂದು ನಿಲ್ಲುತ್ತದೆ: ಸಗಣಿ ಸಾರಿಸಿದ ಅಂಗಳ, ಒಲೆಯ ಹೊಗೆ ಕುಡಿದು ಕಪ್ಪಾದ ಜಂತಿ, ಪಡಸಾಲೆಯ ಗೋಡೆಗೆ ತೂಗುಬಿದ್ದ, ಅಪ್ಪನ ತಮ್ಮ ಮಲ್ಲಪ್ಪ ಕಾಕಾನ ಪಟ್ಟಾ. ನಿಮ್ಮ ಮನೆಯಲ್ಲೂ ಅಂಥದೊಂದು ಗೋಡೆ ಇದ್ದೀತು. ಪಟ್ಟಾ ಅಂದರೆ ಮೊಣಕೈತನಕ ಕಬ್ಬಿಣದ ಕೈಗವಸು ತೊಟ್ಟು ಬೀಸುವ, ಬೆತ್ತದ ಹಾಗೆ ಬಳುಕುವ ಉದ್ದನೆಯ ಕತ್ತಿ. ಕಾಕಾ ಅದಕ್ಕೆ ಎಣ್ಣೆ ಹಚ್ಚುವಾಗ ನಮ್ಮವ್ವ ಕೂಡ ದನಿ ಇಳಿಸಿ ಮಾತಾಡುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಕಾಕಾ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನನ್ನ ಅಂಗೈ ಮೇಲಿನ ನಿಂಬೆಹಣ್ಣನ್ನು ಎರಡು ಹೋಳು ಮಾಡುತ್ತಿದ್ದ. ಗಾಳಿ ಸೀಳಿದ ಸದ್ದು, ಕೈಗೆ ತಣ್ಣಗಿನ ರಸ, ಅಷ್ಟೇ. ಚರ್ಮದ ಮೇಲೆ ಗೆರೆಯೂ ಮೂಡುತ್ತಿರಲಿಲ್ಲ. ನಾನು ಸಾಲಿ ಕಲಿತವಳಲ್ಲ, ದೇವರ ಬಗ್ಗೆ ಹೆಚ್ಚು ಮಾತಾಡುವವಳೂ ಅಲ್ಲ; ಆದರೆ ಆ ಗಳಿಗೆಯಲ್ಲಿ ಅವನ ಮೈಯೊಳಗೆ ಮನುಷ್ಯರಿಗಿಂತ ದೊಡ್ಡದೇನೋ ಬಂದು ನಿಲ್ಲುತ್ತಿತ್ತು. ಒಂದು ಬೆಳಗ್ಗೆ ತಾಲೀಮಿನಲ್ಲಿ ಅಂದಾಜು ತಪ್ಪಿತು. ಬೆರಳ ತುದಿ ಮಣ್ಣಿಗೆ ಬಿತ್ತು. ಅವ್ವ ಅರಿಶಿನ ಒತ್ತಿ ಹಿಡಿದು ಚೀರಿದಳು, "ನಿನ್ನ ಪಟ್ಟಾ ಬಾವ್ಯಾಗ ಒಗೀತೀನಿ ನೋಡ, ಮಲ್ಯಾ!" ಕಾಕಾ ಪಟ್ಟಾ ಮುಟ್ಟಲಿಲ್ಲ, ರೊಟ್ಟಿಯನ್ನೂ ಮುಟ್ಟಲಿಲ್ಲ. ಗಾಯ ಮಾಯ್ದ ಮೇಲೆ ನಾನೇ ಹಣ್ಣು ಹಿಡಿದು ಅವನೆದುರು ನಿಂತೆ. ಆಗ ಅವನು ನನ್ನ ಕೈಗೆ ಎರಡು ಸಡಿಲ ಗಾಜಿನ ಬಳೆ ಹಾಕಿದ. "ಕೈ ಚಾಚಿ ಒಮ್ಮೆ ಅಲ್ಲಾಡ್ಸು. ಬಳಿ ಸಪ್ಪಳ ಕೇಳೂತನಾ ಬೀಸಂಗಿಲ್ಲ. ನಿಮ್ಮವ್ವನ ಆಣಿ." ತಡೆಯಲು ಬಂದಿದ್ದ ಅವ್ವ ಆಣೆ ಕೇಳಿ ಒಲೆಯತ್ತ ತಿರುಗಿದಳು.

ಮುಂದೆ ಅಕ್ಕಲಕೋಟೆಯಲ್ಲಿ ಪಟ್ಟಾ ಪಂದ್ಯ ಬಂತು. ಕೂಸಿನ ಬೆರಳು ಕಡಿದವ ಅನ್ನುವ ಹೆಸರನ್ನು ಕಾಕಾ ಅಲ್ಲಿ ತೊಳೆದುಕೊಳ್ಳಬೇಕಿತ್ತು. ಅಷ್ಟು ಮಂದಿಯ ಮುಂದೆ ಮಗಳು ಹಳೇ ಬಳೆಯಲ್ಲಿ ನಿಲ್ಲುವುದೇ ಎಂದು ಅವ್ವ ಅವನ್ನು ಕಳಚಿ ಕೈತುಂಬ ಹೊಸ ಹಸಿರು ಬಳೆ ಏರಿಸಿದಳು. ಬಿಗಿಯಾಗಿ ಮುಂಗೈ ಕಚ್ಚಿಕೊಂಡು ಕೂತವು. ಆ ಗಡಿಬಿಡಿಯಲ್ಲಿ ಅವಳಿಗೆ ಏನೂ ಹೊಳೆಯಲಿಲ್ಲ. ಕಾಕಾಗೆ ಆಗಲೇ ಕಣ್ಣು ಕಟ್ಟಿದ್ದರು. ನಾನು ಕಣದಲ್ಲಿ ನಿಂತು ಕೈ ಅಲ್ಲಾಡಿಸಿದೆ. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದೆ. ಇಲ್ಲ. ಹಣ್ಣು ಹಿಡಿದವರು ಬಾಯಿ ಬಿಟ್ಟರೆ ಆಟ ಹೋದಂತೆ, ಅದು ಅಲ್ಲಿನ ಕಟ್ಟಳೆ. ಪಟ್ಟಾ ಅವನ ತಲೆಯ ಮೇಲೆ ಸುಂಯ್ ಎಂದು ಸುತ್ತುತ್ತಲೇ ಇತ್ತು. ಮಂದಿ ಸೀಟಿ ಹೊಡೆದರು. "ಕಾಯ್ ರೇ ಪೈಲ್ವಾನ್, ಝೋಪಲಾಸ್ ಕಾ?" ನಿದ್ದೆ ಹತ್ತಿತೇನೋ ಅಂತ ಒಬ್ಬ ಮರಾಠಿಯಲ್ಲಿ ಕೂಗಿದ. "ಏ ಮಲ್ಯಾ, ಇನ್ನೂ ನಾಕ ಬೆರಳ ಉಳದಾವಲೇ!" ಅಂದವನು ನಮ್ಮೂರವನೇ. ಎಲ್ಲರೂ ನಕ್ಕರು. ಕಾಕಾನ ಕುತ್ತಿಗೆಯ ನರ ಉಬ್ಬಿತು. ಬೀಸಿಯೇ ಬಿಟ್ಟ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಪಟ್ಟಾದ ತುದಿ ಮಣ್ಣು ಮುಟ್ಟಿತ್ತು, ಅವನು ಕಣ್ಣಿನ ಬಟ್ಟೆ ಬಿಚ್ಚುತ್ತಿದ್ದ. ನನ್ನ ಕೈ ನೋಡಿದ. ಬಾಯಿಗೆ ಸೆರಗು ಒತ್ತಿ ನಿಂತಿದ್ದ ಅವ್ವನನ್ನು ನೋಡಿದ.

"ಬಳಿ ಚಲೋ ಅದಾವ, ವೈನಿ," ಅಂದ ಅತ್ತಿಗೆಗೆ. ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ. ಅವನು ಸೀಳಿದ ಹಣ್ಣುಗಳಿಗೆ ಲೆಕ್ಕವಿಲ್ಲ. ಸೀಳದೆ ನಿಂತ ಆ ತೋಳಿನಷ್ಟು ದೊಡ್ಡದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಕಾಕಾ ಇಲ್ಲ, ಅವ್ವ ಇಲ್ಲ. ಆ ಮನೆಯ ಜಾಗದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಎದ್ದಿದೆ. ಪಟ್ಟಾ ಯಾರ ಪಾಲಿಗೆ ಹೋಯಿತೋ. ಮೊಮ್ಮಗಳು ಬಿಳಿ ಬಟ್ಟೆ ತೊಟ್ಟು ಕರಾಟೆಗೆ ಹೋಗುತ್ತಾಳೆ, ಸೋತ ದಿನ ಬಾಗಿಲು ಬಡಿಯುತ್ತಾಳೆ, ಬಡಿಯಲಿ. ಬಳೆಗಾರ ಮಾತ್ರ ಪ್ರತಿ ಸಲ, "ಇವು ಸಡ್ಲ ಆಗತಾವ್ರಿ, ಆಯಿ" ಅನ್ನುತ್ತಾನೆ. "ಆಗ್ಲಿ, ಹಾಕೋ" ಅನ್ನುತ್ತೇನೆ. ಹಣ್ಣು ಹೆಚ್ಚುವಾಗ ಅವು ಮಣಿಕಟ್ಟಿಗೆ ಜಾರಿ ಸದ್ದು ಮಾಡುತ್ತವೆ. ನನ್ನ ಕೈ ಎಲ್ಲಿದೆ ಎಂದು ಉಸಿರು ಹಿಡಿದು ಕೇಳುವವರು ಈಗ ಯಾರೂ ಇಲ್ಲ.