ಅತ್ತೆ ಒಪ್ಪಿದ ಅಂಟು

ನಮ್ಮ ವಂಶದಲ್ಲಿ ಹೆಂಡ ಮುಟ್ಟಿದವರಿಲ್ಲ ಎಂದು ನನ್ನ ಅತ್ತೆ ಗುಂಡ್ಲುಪೇಟೆಯ ನಮ್ಮ ಬೀದಿಗೆಲ್ಲ ಸಾರಿಕೊಂಡು ಬಂದವರು. ಅದೇ ಮನೆಯಲ್ಲಿ ಅವರ ಮಗ, ಅಂದರೆ ನನ್ನ ಗಂಡ, ಹೆಚ್ಚುಕಡಿಮೆ ಒಂದು ವರ್ಷ ದಿನಾ ಸಂಜೆ ಮತ್ತೇರಿದವರಂತೆ ಗೋಡೆ ಹಿಡಿದುಕೊಂಡು ನಡುಮನೆಗೆ ಬರುತ್ತಿದ್ದರು. ಕುಡಿದದ್ದಲ್ಲ, ಅಂಟಿನ ಆವಿ ಮೂಸಿದ್ದು. ಮೂಸಿದರೆ ಮಾನ ಹೋಗುವುದಿಲ್ಲವಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವರದು ಹಾರ್ಮೋನಿಯಂ ರಿಪೇರಿ ಕೆಲಸ. ನಾಟಕ ಕಲಿಸುವ ಮೇಷ್ಟ್ರುಗಳ ಕಾಲು ಹಾರ್ಮೋನಿಯಂ, ಭಜನೆಯವರ ಪೆಟ್ಟಿಗೆಗಳು ಹರವೆ, ಚಂದಕವಾಡಿ ಕಡೆಯಿಂದಲೂ ನಮ್ಮ ಮುಂದಿನ ಕೋಣೆಗೆ ಬರುತ್ತಿದ್ದವು. ಕಣ್ಣು ಮುಚ್ಚಿ ಕೀಗಳ ಮೇಲೆ ಬೆರಳಾಡಿಸಿ, ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳಿಬಿಡುತ್ತಿದ್ದರು. ಅವರಿಗೆ ಓದು ಹತ್ತಲಿಲ್ಲ, ವ್ಯವಹಾರ ಹತ್ತಲಿಲ್ಲ. ಇದ್ದದ್ದು ಆ ಬೆರಳುಗಳೇ.

ಚರ್ಮ, ಬಟ್ಟೆ, ಮರ ಕೂಡಿಸಲು ಅವರು ಬಳಸುತ್ತಿದ್ದದ್ದು ವಜ್ರದ ಅಂಟು. ಹೆಸರು ದೊಡ್ಡದು, ವಸ್ತು ಮಾತ್ರ ದನದ ಮೂಳೆ, ಚರ್ಮ ಬೇಯಿಸಿ ಒಣಗಿಸಿದ ಕಂದು ಗಟ್ಟಿ. ಅದನ್ನು ನೀರಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಪಾತ್ರೆ ಇಟ್ಟು ಕರಗಿಸಬೇಕು. ನಾರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ನಾತಕ್ಕೆ ಯಾರೂ ಗೋಡೆ ಹಿಡಿದಿರಲಿಲ್ಲ. ಅದು ಏನೆಂದು ಅತ್ತೆಗೆ ತಿಳಿದಿರಲಿಲ್ಲ. ತಿಳಿಸಿದ ಪುಣ್ಯಾತ್ಗಿತ್ತಿ ನಾನೇ. ಒಂದು ಬೆಳಗ್ಗೆ ಮೂಗು ಮುಚ್ಚಿಕೊಂಡು, "ಮೂಳೆ ಬೇಯಿಸೋ ಮನೇಲಿ ಉಪ್ಪಿಟ್ಟು ಯಾರಿಗೆ ಸೇರುತ್ತೆ?" ಎಂದು ಸಿಡುಕಿದೆ.

ಅತ್ತೆ ಪೂಜೆಯಿಂದ ಎದ್ದೇ ಬಂದರು.

"ಲಿಂಗ ಕಟ್ಕಂಡಿರೋ ಮನೇಲಿ ಮೂಳೆ ಬೇಯ್ಸೀಯಾ ಮಗ? ಅದ ಮೊದ್ಲು ಆಚ್ಗೆ ಎಸಿ. ಇಲ್ದಿದ್ರೆ ಈ ಮನೇಲಿ ನಾನು ಒಂದ್ ತೊಟ್ಟು ನೀರೂ ಮುಟ್ಟಕಿಲ್ಲ."

ದೇವಸ್ಥಾನದ ಡೋಲಿಗೆ ಯಾವ ಗಿಡದ ಚರ್ಮ ಬಿಗಿದಿದ್ದಾರೆ ಎಂದು ಅತ್ತೆಯನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ, ನನಗೂ ಆ ನಾತ ಬೇಡವಾಗಿತ್ತು. ಐವತ್ತು ದಾಟಿದ ನನ್ನ ಗಂಡ, "ಆಯ್ತು ಬುಡವ್ವ, ಎಸ್ದುಬುಡ್ತೀನಿ" ಎಂದು ತಲೆ ತಗ್ಗಿಸಿದರು. ಅಮ್ಮನ ಎದುರು ಬಾಯಿ ಬಿಡದ ಗಂಡಸಿನ ಬಗ್ಗೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ.

ವಾರದೊಳಗೆ ಡಬ್ಬಿ ಅಂಟು ಬಂತು. ಸೋಫಾ ಹೊಲಿಯುವವರು, ಚಪ್ಪಲಿ ಅಂಗಡಿಯವರು ಬಳಸುವ ಹಳದಿ ಅಂಟು. ಅತ್ತೆ ಡಬ್ಬಿಗೆ ಮೂಗಿಟ್ಟು ಪರೀಕ್ಷೆ ಮಾಡಿದರು.

"ಬಾಳೆಹಣ್ಣಿನ ಗಮ ಇದ್ದಂಗದೆ ಕಣ್ ಮಗ. ಇದ್ರಲ್ಲೇ ಮಾಡು."

ಚಪ್ಪಲಿಯ ಅಂಟು ಶುದ್ಧವಾಯಿತು, ಹಾರ್ಮೋನಿಯಂನ ಅಂಟು ಮೈಲಿಗೆಯಾಯಿತು. ನಮ್ಮ ಮನೆಯ ಧರ್ಮ ಇಷ್ಟು ಅಗ್ಗದ್ದು.

ಆ ಮಳೆಗಾಲದಲ್ಲೇ ಪಿಯಾನೊ ಬಂದದ್ದು. ಬಂಡೀಪುರದ ದಾರಿಯಲ್ಲಿ ಗೆಸ್ಟ್‌ಹೌಸ್ ಮಾಡಿಕೊಂಡಿದ್ದ ಒಬ್ಬ ಸಾಹುಕಾರ ಅದನ್ನು ಊಟಿಯ ಯಾವುದೋ ಹಳೇ ಬಂಗಲೆಯಿಂದ ಹೊತ್ತು ತಂದಿದ್ದ. ಆರು ಜನ ಸೇರಿ ಅದನ್ನು ನಮ್ಮ ಮುಂದಿನ ಕೋಣೆಗೆ ನೂಕಿದರು. ಒಳಗೆ ನೋಡಿದರೆ ತಂತಿಗೆ ಬಡಿಯುವ ಸಾಲು ಸಾಲು ಸುತ್ತಿಗೆಗಳು, ಅವುಗಳ ಉಣ್ಣೆಯನ್ನು ಇಲಿ ತಿಂದು ಮುಗಿಸಿತ್ತು. ಒಂದೊಂದಕ್ಕೂ ಹೊಸ ಉಣ್ಣೆ ಅಂಟಿಸಬೇಕು. ಅದನ್ನು ನುಡಿಸಲು ಸಾಹುಕಾರನಿಗೂ ಬಾರದು, ಅವನ ಮನೆಯವರಿಗೂ ಬಾರದು. ಅತಿಥಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲಿಕ್ಕಂತೆ.

ನನ್ನ ಗಂಡನಿಗೆ ಮಾತ್ರ ಅದು ತಪಸ್ಸಾಯಿತು. ಊಟಿ ರಸ್ತೆಯ ಲಾರಿಗಳ ಧೂಳು ಹಸಿ ಅಂಟಿನ ಮೇಲೆ ಕೂರುತ್ತದೆಂದು ಕಿಟಕಿ ಮುಚ್ಚಿದರು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರು. ಯುಗಾದಿ ಕಳೆದರೂ ಕೆಲಸ ಮುಗಿಯಲಿಲ್ಲ. ಹಾರ್ಮೋನಿಯಂಗಳಿಗೂ ಅದೇ ಡಬ್ಬಿ, ಅದೇ ಕೋಣೆ. ತಲೆನೋವು ಎನ್ನುತ್ತಿದ್ದರು, ಊಟ ಸೇರದು ಎನ್ನುತ್ತಿದ್ದರು, ಒಮ್ಮೊಮ್ಮೆ ಕಾರಣವಿಲ್ಲದೆ ನಗುತ್ತಿದ್ದರು. ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಡಬ್ಬಿಗೆ ಬೆಂಕಿ ತಾಗದೆ ಉಳಿದದ್ದು ಆ ಶಿವನ ಪುಣ್ಯ.

ಒಂದು ದಿನ ಸಂತೆಮರಹಳ್ಳಿಗೆ ಹೋದವರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು.

"ಇನ್ನೊಂದೆಲ್ಲಿ?" ಎಂದೆ.

"ಯಾವ್ ಇನ್ನೊಂದು?" ಎಂದು ಕಾಲು ನೋಡಿಕೊಂಡರು. "ಅಯ್ಯೋ, ಎಲ್ಲಿ ಬಿದ್ದೋಯ್ತೋ ಗೊತ್ತೇ ಆಗ್ನಿಲ್ಲ ಕಣಮ್ಮಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾರನೆಯ ದಿನ ನಾನು ಪಾಠ ಮಾಡುವ ಶಾಲೆಯಲ್ಲಿ ಹೇಳಿ ಬೇರೆ ಟೀಚರುಗಳನ್ನೂ ನಗಿಸಿದೆ. ಬರಿಗಾಲಿಗೆ ಚುಚ್ಚಿದ ಕಲ್ಲು ಕೂಡ ಅವರಿಗೆ ಗೊತ್ತಾಗಿಲ್ಲ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಎರಡು ವಾರವಾದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆ ನನ್ನ ಮುಂದೆ ನಿಂತರಲ್ಲ, ಆಗ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ.

ಚಾಮರಾಜನಗರದ ಡಾಕ್ಟರು ಕಾಲ್ಬೆರಳು, ಕೈಬೆರಳುಗಳ ತುದಿಗೆ ಸೂಜಿ ಮುಟ್ಟಿಸಿ ಮುಟ್ಟಿಸಿ ನೋಡಿದರು. ಮಾಡುವ ಕೆಲಸ ಕೇಳಿದರು. ಮರುದಿನ ಡಬ್ಬಿ ತರಿಸಿಕೊಂಡರು. ಈ ಅಂಟಿನ ಆವಿ ಉಸಿರಿನೊಂದಿಗೆ ಒಳಗಿಳಿದು ನರಗಳನ್ನು ತುದಿಯಿಂದ ತಿನ್ನುತ್ತಾ ಬರುತ್ತದೆ, ಮೊದಲು ಕಾಲು, ಆಮೇಲೆ ಕೈ ಎಂದರು. ಇವತ್ತೇ ನಿಲ್ಲಿಸಬೇಕು. ನಿಲ್ಲಿಸಿದರೂ ಸ್ಪರ್ಶ ಬರಲು ತಿಂಗಳುಗಟ್ಟಲೆ ಬೇಕು, ಪೂರ್ತಿ ಬಂದೀತೆಂದು ಹೇಳಲಾರೆ ಎಂದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, "ಗಾಳಿಯಾಡೋ ಜಾಗದಲ್ಲಿ ಬಳಸಿ ಅಂತ ಬರೆದಿದೆಯಲ್ಲಮ್ಮ" ಎಂದರು. ನಾನು ಮೂರನೇ ತರಗತಿಯ ಮಕ್ಕಳಿಗೆ ಗಾಳಿ ಬೆಳಕಿನ ಪಾಠ ಮಾಡುವವಳು. ನನ್ನಂಥ ಓದಿದವಳಿಗಿಂತ ಆ ಉಣ್ಣೆ ತಿಂದ ಇಲಿ ವಾಸಿ.

ಮನೆಗೆ ಬಂದು ಡಬ್ಬಿಗಳನ್ನೆಲ್ಲ ಹೊರಗೆ ಹಾಕಿದೆ, ಕಿಟಕಿ ತೆರೆದೆ. ವಜ್ರದ ಅಂಟು ತರಿಸಿ ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಅನ್ನದ ಒಲೆಯ ಪಕ್ಕದ ಒಲೆಯಲ್ಲೇ ಇಟ್ಟೆ. ನಾತ ಮನೆ ತುಂಬಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಬರಲಿ ಎಂದೇ ಕಾದಿದ್ದೆ, ಮಾತು ಹಲ್ಲಿನ ಸಂದಿಯಲ್ಲೇ ಇತ್ತು.

ಅಷ್ಟರಲ್ಲಿ ನನ್ನ ಗಂಡ ಬಂದು, ಹದ ನೋಡಲೆಂದು ತೋರುಬೆರಳನ್ನು ಪಾತ್ರೆಯಲ್ಲಿ ಅದ್ದಿದರು. ಅಂಟು ಹೊಗೆಯಾಡುತ್ತಿತ್ತು. ಬೆರಳು ಅಲ್ಲೇ ಇತ್ತು. ಅವರು ತಲೆ ಓರೆ ಮಾಡಿಕೊಂಡು ಕಾಯುತ್ತಿದ್ದರು.

ಅತ್ತೆಯ ಸೆರಗು ಕೈಯಿಂದ ಜಾರಿತು. "ಎಳ್ಕೊ ಮಗ! ಕೈಯ ಎಳ್ಕೊ!" ಎಂದು ಕಿರುಚಿದರು.

ಅವರು ಅಮ್ಮನ ಕಡೆ ತಿರುಗಿ ಕೇಳಿದರು: "ಯಾಕವ್ವ, ಇನ್ನೂ ಕಾದಿಲ್ವಾ?"