ಮಗ್ಗದ ಸದ್ದನ್ನು ದಾಟುವ ದನಿ

ನಮ್ಮ ಗರಾಜಿನಲ್ಲಿ, ಬಟ್ಟೆ ಒಗೆಯುವ ಮಶೀನಿನ ಪಕ್ಕಕ್ಕೆ, ಒಂದು ಕರಿಯ ಪೆಟ್ಟಿಗೆ ಕೂತಿದೆ. ಎತ್ತಲು ಹೋದರೆ ತುಂಬಿದ ಅಕ್ಕಿ ಚೀಲದಷ್ಟು ಭಾರ. ಮುಂದೆ ಜಾಲರಿಯಂಥ ಬಟ್ಟೆ, ಅದರ ಹಿಂದೆ ಊಟದ ತಾಟಿನಷ್ಟು ಅಗಲದ ಸ್ಪೀಕರ್, ಮೇಲೆ ತಿರುವುವ ಗುಂಡಿಗಳು, ಬೆನ್ನಿನ ಕಡೆ ಗಾಜಿನ ಬುರುಡೆಗಳು. ಇದು ನನ್ನ ಮೊಮ್ಮಗಳ ಗಿಟಾರಿನ ಆಂಪ್. ಕೈಯಲ್ಲಿರುವುದು ಬರೀ ತಂತಿ, ದನಿ ಬರುವುದು ಈ ಪೆಟ್ಟಿಗೆಯಿಂದ. ಇದನ್ನು ಆರಿಸಿದವಳು ನಾನು. ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ವಾಲ್‌ನಟ್ ಅನ್ನುವ ಈ ಊರಿನ ನಮ್ಮ ಬೀದಿಯಲ್ಲಿ ನಾಯಿ ಹಿಡಿದುಕೊಂಡು ತಿರುಗಾಡುವ ಚೀನೀ ಅಜ್ಜನಿಗೂ ಕೈಸನ್ನೆಯಲ್ಲೇ ಹೇಳಿ ಮುಗಿಸಿದ್ದೇನೆ. ಸಂತೋಷ ಅನ್ನುವುದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ನಾನು ನಾಲ್ಕನೇ ಇಯತ್ತೆ ಓದಿದವಳು. ನಮ್ಮದು ಬಾಗಲಕೋಟೆ ಕಡೆಯ ನೇಕಾರರ ಊರು. ಹುಟ್ಟಿದ ಮನೆಯಲ್ಲೂ ಕರೆಂಟಿನ ಮಗ್ಗ, ಕೊಟ್ಟ ಮನೆಯಲ್ಲೂ ಕರೆಂಟಿನ ಮಗ್ಗ. ಕೊರೊನಾ ಕಳೆದ ಮೇಲೆ ಮಗಳು ಈ ಪರದೇಶಕ್ಕೆ ಕರೆದುಕೊಂಡು ಬಂದಳು. ಮನೆಯಲ್ಲಿ ಮಗಳು, ಬೆಂಗಳೂರು ಕಡೆಯ ಅಳಿಯ, ಕಾಲೇಜಿಗೆ ಹೋಗುವ ಒಬ್ಬಳೇ ಮೊಮ್ಮಗಳು. ಮನೆ ಚೆಂದ, ಹಿತ್ತಲಲ್ಲಿ ನಿಂಬೆ ಗಿಡ ಇದೆ. ಆದರೆ ಇಲ್ಲಿಯ ಮಧ್ಯಾಹ್ನ ಎಂಥದ್ದು ಅಂತೀರಿ. ಗೋಡೆಗೆ ಕಿವಿ ಹಚ್ಚಿದರೂ ಒಂದು ಸಪ್ಪಳ ಇಲ್ಲ.

ಮೊಮ್ಮಗಳ ಹತ್ತಿರ ಆಗ ಇದ್ದದ್ದು ಊಟದ ಡಬ್ಬಿಯಷ್ಟು ದೊಡ್ಡ ಆಂಪ್. ಅದನ್ನೂ ಅವಳು ಗುಂಡಿ ಅಲುಗಿಸಿದಷ್ಟೇ ತಿರುವಿ, ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದಳು. ನಾನು ಬಾಗಿಲ ಹೊರಗೆ ಕುಂತು ಕೇಳಿದರೆ ಗೋಡೆಯೊಳಗೆ ನೊಣ ಸಿಕ್ಕಿಕೊಂಡಂತೆ ಕೇಳುತ್ತಿತ್ತು. ಗಿಟಾರಿನ ದನಿಯೇ ಇಷ್ಟು ಇರಬೇಕು ಅಂದುಕೊಂಡು ಸುಮ್ಮನಿದ್ದೆ.

ಅವಳು ಮತ್ತು ಅವಳ ಗೆಳತಿಯರು ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಡ್ರಮ್ ಬಾರಿಸುವ ಹುಡುಗಿಯ ಮನೆ ಬರ್ಬ್ಯಾಂಕ್‌ನಲ್ಲಿ, ಅಲ್ಲಿಯ ಗರಾಜಿನಲ್ಲಿ ಇವರ ಅಭ್ಯಾಸ. ಒಂದು ಶನಿವಾರ ಮಗಳು, ಅಳಿಯ ಇಬ್ಬರಿಗೂ ಕೆಲಸವಿತ್ತು. ನನ್ನನ್ನು ಒಬ್ಬಳೇ ಬಿಡಬಾರದು ಅಂತ ಮೊಮ್ಮಗಳು ಕಾರಿನಲ್ಲಿ ಕೂಡಿಸಿಕೊಂಡು ಹೋದಳು. ಡ್ರಮ್ಮಿನ ಹುಡುಗಿ ತೆಳ್ಳಗೆ ಬಿದಿರಿನ ಹಾಗಿದ್ದಾಳೆ, ಆದರೆ ಕೋಲು ಹಿಡಿದರೆ ಗರಾಜಿನ ಶೀಟು ನಡುಗುತ್ತದೆ. ನನಗೆ ಬಹಳ ಹಿತವಾಯಿತು. ಎಷ್ಟು ವರ್ಷದ ಮೇಲೆ ಎದೆಗೆ ಬಂದು ಬಡಿಯುವಂಥ ಸದ್ದು. ಮೊಮ್ಮಗಳ ಕಡೆ ನೋಡಿದೆ. ಬೆರಳು ಓಡುತ್ತಿದ್ದವು, ತಲೆ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಮೂಕಿ ಸಿನಿಮಾ ನೋಡಿದ ಹಾಗೆ.

ಬಿಡುವಿನಲ್ಲಿ ಹುಡುಗಿಯರು ಗುಂಪು ಕೂಡಿ ಏನೋ ಮಾತಾಡಿದರು. ಮೊಮ್ಮಗಳು ನೆಲ ನೋಡುತ್ತ ಹೂಂಗುಟ್ಟಿದಳು. ವಾಪಸು ಬರುವಾಗ ಕೇಳಿದೆ.

"ಏನಂದ್ರ ಕೂಸ, ಆ ಹುಡುಗ್ಯಾರು?"

"ನಥಿಂಗ್ ಅಜ್ಜಿ."

"ನಥಿಂಗ್ ಅಂದ್ರ ಏನ ಅಂತ ನನಗೂ ಗೊತ್ತೈತಿ. ಮಾರಿ ಯಾಕ ಸಣ್ಣದು ಮಾಡಿ?"

ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು. ಕಾಲೇಜಿನ ರಜೆ ಶುರುವಾಗುವ ಮುಂಚೆ ಅಲ್ಲೇ ಬರ್ಬ್ಯಾಂಕ್‌ನ ಒಂದು ಸಣ್ಣ ಹಾಲಿನಲ್ಲಿ ಇವರ ಮೊದಲ ಕಾರ್ಯಕ್ರಮ. ಅಷ್ಟರೊಳಗೆ ಇವಳ ಗಿಟಾರು ಡ್ರಮ್ಮಿನ ಮೇಲೆ ಕೇಳಿಸದಿದ್ದರೆ ಗಿಟಾರಿಗೆ ಬೇರೆ ಹುಡುಗಿ ಬರುತ್ತಾಳೆ, ಇವಳು ಬೇಕಾದರೆ ಕೀಬೋರ್ಡ್ ಒತ್ತಬಹುದು. "ದೇ ಆರ್ ರೈಟ್, ಅಜ್ಜಿ. ನನ್ದು ಕೇಳ್ಸಲ್ಲ," ಅಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ಅದೇ ನನಗೆ ನಾಟಿತು.

ಮನೆಯಲ್ಲಿ ಮಾತಾಯಿತು, ಬೇರೆ ಆಂಪ್ ತಗೊಳ್ಳಬೇಕು, ಟ್ಯೂಬ್ ಆಂಪೇ ಆಗಬೇಕು ಅಂತಾಯಿತು. ಅಳಿಯಂದಿರು ಒಳ್ಳೆಯವರು, ಏನು ತಗೊಂಡರೂ ಓದಿ ತಿಳಿದು ತಗೊಳ್ಳುವವರು. ಟ್ಯೂಬ್ ಆಂಪ್ ಅಂದರೆ ಏನು ಅಂತ ನನಗೆ ಬಿಡಿಸಿ ಹೇಳಿದರು. ಟ್ಯೂಬ್ ಅಂದರೆ ಹಳೆಯ ರೇಡಿಯೋದ ವಾಲ್ವು. ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಕಾಂಬೋ ಅನ್ನುತ್ತಾರೆ. ಅದನ್ನು ತಾಕತ್ತಿನ ಅಂಚಿಗೆ ನೂಕಿದರೆ ದನಿಯಲ್ಲಿ ಒಂದು ಗೀರು ಬೀಳುತ್ತದೆ, ಆ ಗೀರೇ ಓವರ್‌ಡ್ರೈವ್. ವಾಲ್ವಿನ ರೇಡಿಯೋ ನಮ್ಮ ಅಪ್ಪನ ಮನೆಯಲ್ಲಿತ್ತು. ಹಚ್ಚಿದ ಕೂಡಲೆ ಮಾತಾಡುತ್ತಿರಲಿಲ್ಲ, ಕಾಯಬೇಕಿತ್ತು. ಒಳಗೆ ಕೆಂಪಗಾಗಿ ಧೂಳು ಕಾದ ವಾಸನೆ ಬಂದ ಮೇಲೆ ದನಿ ಬರುತ್ತಿತ್ತು. ಹಾಗಾಗಿ ಈ ಸಾಮಾನು ನನಗೆ ಹೊಸದೇನಲ್ಲ ಅನಿಸಿತು.

ಅಂಗಡಿಗೆ ಹೋದೆವು. ಸಾಲಾಗಿ ಪೆಟ್ಟಿಗೆಗಳು. ಮೊಮ್ಮಗಳು ಒಂದೊಂದರ ಮುಂದೂ ಕುಂತು ಗಿಟಾರು ಸಿಕ್ಕಿಸಿ, ಗುಂಡಿಯನ್ನು ಒಂದು ಕೂದಲೆಳೆ ತಿರುವಿ, ಟುಂಯ್ ಟುಂಯ್ ಅನ್ನಿಸಿ, ಎಲ್ಲ ಒಂದೇ ಥರ ಇದೆ ಅಂದಳು. ಅಳಿಯಂದಿರು ಕೂಡ "ಸೌಂಡ್ ಕಮ್ಮಿ ಇಟ್ಕೋ ಪುಟ್ಟ, ಜನ ಇದಾರೆ," ಅಂದರು. ಬರಿಗೈಯಲ್ಲಿ ಬಂದೆವು.

ಆಮೇಲೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಸ್ಯಾನ್ ಡಿಯಾಗೋದಲ್ಲಿ ಧಾರವಾಡ ಕಡೆಯವರೊಬ್ಬರು, ಟೆಲಿಕಾಂ ಕೆಲಸದಿಂದ ರಿಟೈರ್ ಆದವರು, ಸಣ್ಣ ಮನೆಗೆ ಹೋಗುತ್ತಿದ್ದಾರೆ, ಎರಡು ಟ್ಯೂಬ್ ಆಂಪ್ ಮಾರುವುದಿದೆ ಅಂತ. ಭಾನುವಾರ ಅಳಿಯಂದಿರು, ಮೊಮ್ಮಗಳು, ನಾನು ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಹಳೆ ಸೀರೆಗಳಿಂದ ನಾನೇ ಹೊಲಿದ ಕೌದಿ. ಪೆಟ್ಟಿಗೆಗೆ ಗೀರು ಬೀಳದ ಹಾಗೆ ಸುತ್ತಿ ತರೋಣ ಅಂತ.

ಹೋದ ತಕ್ಷಣ ಆಂಪ್ ನೋಡಲು ಬಿಡುತ್ತಾರೆಯೇ? ಆ ಮನೆಯ ಆಂಟಿ ಉಪ್ಪಿಟ್ಟು ಇಟ್ಟರು, ಚಕ್ಕುಲಿ ಇಟ್ಟರು, ಚಹಾ ಕೊಟ್ಟರು. ಯಾವೂರು, ಯಾರ ಪೈಕಿ ಅಂತೆಲ್ಲ ಮುಗಿದ ಮೇಲೆ ಅಂಕಲ್ ಗರಾಜಿನ ಬಾಗಿಲು ತೆರೆದರು. ಒಂದು ಚಿಕ್ಕದು, ಹೆಡ್‌ಫೋನ್ ಸಿಕ್ಕಿಸಿ ಸದ್ದಿಲ್ಲದೆ ನುಡಿಸಬಹುದಾದದ್ದು. ಇನ್ನೊಂದು ಈ ಕರಿಯ ಪೆಟ್ಟಿಗೆ. ಅಂಕಲ್ ಎರಡನ್ನೂ ಹಚ್ಚಿ, "ಸ್ವಲ್ಪ ನಿಂದರ್ರಿ, ಕಾಯಬೇಕು ಇವು," ಅಂದರು. ನಾನು ಬೆನ್ನ ಕಡೆ ಬಗ್ಗಿ ನೋಡಿದೆ. ಬುರುಡೆಗಳೊಳಗೆ ದೀಪದ ಬತ್ತಿಯಂತೆ ಕೆಂಪು ಏರುತ್ತಿತ್ತು. ಅದೇ ವಾಸನೆ. ಅಪ್ಪನ ಮನೆಯ ಪಡಸಾಲೆಯೇ ಬಂದ ಹಾಗಾಯಿತು. ಪ್ರೀತಿ ಉಕ್ಕಿ ಕೌದಿ ತೆಗೆದು ಹಿಂದಿನಿಂದ ಹೊದಿಸಿಬಿಟ್ಟೆ. ಮನೆಯಲ್ಲಿ ಟಿವಿಗೆ, ಮಿಕ್ಸರಿಗೆ ಹೊದಿಸುವವಳು ನಾನೇ ತಾನೆ.

"ಅತ್ತೆ, ಅತ್ತೆ, ತೆಗೀರಿ," ಅಂತ ಅಳಿಯಂದಿರು ಓಡಿ ಬಂದರು. "ಅದು ಬಿಸಿ ಆಗತ್ತೆ, ಗಾಳಿ ಬೇಕು ಅದಕ್ಕೆ. ಸುಟ್ಟೋಗತ್ತೆ."

"ಸೆಕಿ ಅದಕ್ಕೂ ಆಗತೈತೇನ? ಆತು ಬಿಡ್ರಿ," ಅಂದು ತೆಗೆದೆ. ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊಮ್ಮಗಳು ಸ್ಟೂಲಿನ ಮೇಲೆ ಕುಂತು ಮತ್ತೆ ಅದೇ ಕೂದಲೆಳೆ, ಅದೇ ಟುಂಯ್ ಟುಂಯ್. ಬೇರೆಯವರ ಮನೆ, ದೊಡ್ಡವರು ನಿಂತಿದ್ದಾರೆ, ಆಂಟಿ ಒಳಗಿದ್ದಾರೆ ಅನ್ನುವ ಮರ್ಯಾದೆ. ಅಂಕಲ್ಲೂ ನಮ್ಮ ಪೈಕಿಯವರೇ, ಜೋರು ಮಾಡು ಅನ್ನಲು ಅವರಿಗೂ ಸಂಕೋಚ. ಹೀಗೆ ನಾಲ್ಕು ಜನ ಸೇರಿ ಜೋರಾದ ಆಂಪನ್ನು ಪಿಸುಮಾತಿನಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ಅಳಿಯಂದಿರು ಚಿಕ್ಕದನ್ನು ತೋರಿಸಿ, "ಮನೇಲಿ ನುಡಿಸೋಕೆ ಇದೇ ಸರಿ ಅನ್ಸತ್ತೆ. ಯೋಚ್ನೆ ಮಾಡಿ ಹೇಳ್ತೀವಿ ಅಂಕಲ್," ಅಂದರು. ಮೊಮ್ಮಗಳು ಗಿಟಾರಿಗೆ ಸಿಕ್ಕಿಸಿದ ವೈರು ಬಿಚ್ಚತೊಡಗಿದಳು.

ನನಗೆ ತಡೆಯಲಾಗಲಿಲ್ಲ. "ನಿಂದರ ಕೂಸ. ಡ್ರಮ್ಮಿನಾಕಿ ಮುಂದ ಕೇಳಸಬೇಕು ಅಂತ ಬಂದೀವಿ. ಇಷ್ಟ ಸಣ್ಣಗ ಯಾಕ ಬಾರಸತಿ? ಪೂರಾ ತಿರುವಿ ನೋಡು."

"ಮನೇಲಿ ಅಷ್ಟು ಲೌಡ್ ನುಡಿಸಕ್ಕಾಗಲ್ಲ ಅಜ್ಜಿ."

"ಯಾಕಾಗಂಗಿಲ್ಲ?"

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ನೋಡಿದರು. ಕೊನೆಗೆ ಅವಳೇ ಹೇಳಿದಳು.

"ನೀವು ಮಲಗ್ತೀರಲ್ಲ ಅಜ್ಜಿ. ಆಫ್ಟರ್‌ನೂನ್. ಅಮ್ಮ ಹೇಳಿದಾಳೆ, ಅಜ್ಜಿಗೆ ಡಿಸ್ಟರ್ಬ್ ಆಗಬಾರದು ಅಂತ. ಅದಕ್ಕೇ ಮೊದ್ಲೂ ಚಿಕ್ಕದೇ ತಗೊಂಡಿದ್ದು."

ನನ್ನ ನಿದ್ದೆಗಾಗಿ ಈ ಹುಡುಗಿ ಇಷ್ಟು ದಿನ ದನಿ ಮುಚ್ಚಿಟ್ಟುಕೊಂಡಿದ್ದಳು. ನನ್ನ ಸಲುವಾಗಿ ಕೊಂಡ ಆ ಡಬ್ಬಿಯಿಂದಲೇ ಅವಳ ಜಾಗ ಹೋಗುವುದರಲ್ಲಿತ್ತು. ನನ್ನನ್ನು ಒಂದು ಮಾತು ಕೇಳಿದ್ದರೆ ಆಗಿತ್ತು. ಆದರೆ ನಮ್ಮ ಮನೆಗಳಲ್ಲಿ ಹಿರಿಯರ ನಿದ್ದೆಯ ಬಗ್ಗೆ ಹಿರಿಯರನ್ನು ಯಾರು ಕೇಳುತ್ತಾರೆ? ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ.

"ಕೂಸ, ಇಲ್ಲಿ ಕೇಳು," ಅಂದೆ. "ನಾ ಹುಟ್ಟಿದ್ದು ಮಗ್ಗದ ಬಗಲಾಗ. ನಿಮ್ಮವ್ವನ ತೊಟ್ಟಲಾ ಕಟ್ಟಿದ್ದು ಮಗ್ಗದ ಬಗಲಾಗ. ಮಗ್ಗ ನಡದಾಗ ನಮಗ ಚಲೋ ನಿದ್ದಿ. ಕರೆಂಟ್ ಹೋಗಿ ಮಗ್ಗ ನಿಂತಿತಂದ್ರ ಇಡೀ ಓಣಿ ಎದ್ದು ಕುಂದರತಿತ್ತು. ನಾ ಈ ದೇಶಕ್ಕ ಬಂದಾಗಿಂದ ಮಧ್ಯಾಹ್ನ ಮಲಗೀನಿ ಖರೆ, ನಿದ್ದಿ ಎಲ್ಲಿ ಬಂದೈತಿ? ಸಪ್ಪಳನ ಇಲ್ಲ."

"ಸೀರಿಯಸ್ಲಿ, ಅಜ್ಜಿ?"

"ನಿಮ್ಮವ್ವನ್ನ ಕೇಳು, ಮರತಾಳ ಆಕಿ."

ಅಂಕಲ್ ಮುಂದೆ ಬಂದರು. "ಅಕ್ಕಾರ, ನೀವ ಪರೀಕ್ಷಾ ಮಾಡ್ರಿ ಹಂಗಾದ್ರ. ಹೆಂಗ ಮಾಡೂಣು ಹೇಳ್ರಿ."

ಹೇಳಿದೆ. ಆಂಟಿಯಿಂದ ದೊಡ್ಡ ಸ್ಟೀಲಿನ ಪಾತೇಲಿ ತರಿಸಿದೆ. ಅಂಕಲ್ಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ ಕೊಟ್ಟೆ. ಅಳಿಯಂದಿರ ಕೈಗೆ ಸೌಟು. "ಕೈ ತಡೀಬ್ಯಾಡ್ರಿ. ಆ ಹುಡುಗಿ ಬಡದಂಗ ಬಡೀರಿ," ಅಂದು ಗರಾಜಿನಿಂದ ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತೆ. ಅಳಿಯಂದಿರು ಮೊದಲು ನಾಚಿದರು. ಆಮೇಲೆ ಅಂಕಲ್ ಬಡಿಯುವುದನ್ನು ನೋಡಿ ಹುರುಪು ಬಂತು. ಆಫೀಸಿನ ಸಿಟ್ಟೆಲ್ಲ ಆ ಪಾತೇಲಿಗೆ ಬಿತ್ತು ಅನಿಸುತ್ತದೆ. ಆಂಟಿ ಬಾಗಿಲಲ್ಲಿ ನಿಂತು, "ನನ್ನ ಪಾತೇಲಿ ನೆಗ್ಗಿದ್ರ ಹೊಸಾದ ಕೊಡಸಬೇಕ್ರಿ," ಅನ್ನುತ್ತಿದ್ದರು.

ಮೊದಲು ಚಿಕ್ಕ ಆಂಪ್, ಪೂರ್ತಿ ತಿರುವಿ. ರಸ್ತೆಗೆ ಏನೂ ಬರಲಿಲ್ಲ. ಆಮೇಲೆ ಕರಿಯ ಪೆಟ್ಟಿಗೆ. ಜೋರಿತ್ತು, ನುಣ್ಣಗಿತ್ತು, ಜೇನಿನಂತೆ ಸಿಹಿಯಿತ್ತು. ಆದರೆ ಆ ಬಡಿತದ ಕೆಳಗೆ ಮುಳುಗಿತು.

ನನಗೆ ಇದು ಗೊತ್ತಿದ್ದದ್ದೇ. ಮಗ್ಗದ ಶೆಡ್ಡಿನಲ್ಲಿ ಇಂಪಾದ ದನಿ ಯಾರಿಗೂ ಮುಟ್ಟುವುದಿಲ್ಲ. ಎಷ್ಟು ಕೂಗಿದರೂ ಸದ್ದಿನೊಳಗೆ ಕರಗಿ ಹೋಗುತ್ತದೆ. ನಮ್ಮ ಅತ್ತೆ ಆ ತುದಿಯಿಂದ ಈ ತುದಿಗೆ ನನ್ನನ್ನು ಕರೆಯುತ್ತಿದ್ದಳು, ಕೂಗುತ್ತಿರಲಿಲ್ಲ. ಗಂಟಲು ಸ್ವಲ್ಪ ಬಿಗಿದು ದನಿಗೊಂದು ಒರಟು ಅಂಚು ಕೊಡುತ್ತಿದ್ದಳು. ಹರಿತ ಮಾಡಿದ ಕುಡುಗೋಲಿನ ಹಾಗೆ ಅದು ಮಗ್ಗಗಳ ನಡುವಿನಿಂದ ನೇರ ಬಂದು ನನ್ನ ಕಿವಿಗೆ ತಾಗುತ್ತಿತ್ತು.

"ದನಿ ಒರಟ ಮಾಡು ಕೂಸ," ಅಂತ ರಸ್ತೆಯಿಂದ ನಾನೂ ಹಾಗೇ ಗಂಟಲು ಬಿಗಿದು ಹೇಳಿದೆ. ಪಾತೇಲಿ, ಬಕೆಟ್ಟಿನ ಗದ್ದಲದಲ್ಲೂ ಅವಳಿಗೆ ಕೇಳಿಸಿತು, ತಲೆ ಎತ್ತಿದಳು. ಅಂಕಲ್ ಬಡಿಯುತ್ತಲೇ ಕಾಲಿನಿಂದ ಇನ್ನೊಂದು ಗುಂಡಿ, ಓವರ್‌ಡ್ರೈವಿನದು, ತೋರಿಸಿದರು. ಅವಳು ಅದನ್ನು ತಿರುವಿದಳು. ಒಂದೇ ತಂತಿ ಎಳೆದಳು.

ಅದು ಬಂತು. ಹರಿದುಕೊಂಡು ಬಂತು. ಪಾತೇಲಿಯನ್ನು ದಾಟಿ, ಬಕೆಟ್ಟನ್ನು ದಾಟಿ, ಹುಲ್ಲಿನ ಮೇಲೆ ಹಾದು ನನ್ನ ಪಕ್ಕೆಲುಬಿಗೆ ಬಂದು ನಿಂತಿತು. ಎದುರು ಮನೆಯಲ್ಲಿ ಕಾರು ತೊಳೆಯುತ್ತಿದ್ದವನು ಪೈಪು ಬಿಟ್ಟು ಹೆಬ್ಬೆರಳು ಎತ್ತಿದ. ಮೊಮ್ಮಗಳು ಕಣ್ಣು ಮುಚ್ಚಿಕೊಂಡು ನುಡಿಸುತ್ತಲೇ ಹೋದಳು. ಅವಳ ದನಿ ಇಷ್ಟು ದೊಡ್ಡದು ಅಂತ ಅವಳಿಗೂ ಆವತ್ತೇ ಗೊತ್ತಾದದ್ದು.

ನಾನು ಮೇಲೆ ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟೆ. "ಅಳಿಯಂದ್ರ, ಇದ ನಮ್ಮದು."

"ಹ್ಞೂಂ ಅತ್ತೆ," ಅಂದರು, ಬೆವರು ಒರೆಸಿಕೊಳ್ಳುತ್ತ. ಸೌಟು ಇನ್ನೂ ಕೈಯಲ್ಲೇ ಇತ್ತು.

ಪೆಟ್ಟಿಗೆ ಆರಿ ತಣ್ಣಗಾದ ಮೇಲೆ ಕೌದಿ ಸುತ್ತಿ, ನನ್ನ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂಡಿಸಿಕೊಂಡು ಬಂದೆ. ಆಂಟಿ ಉಳಿದ ಚಕ್ಕುಲಿ ಕಟ್ಟಿಕೊಟ್ಟಿದ್ದರು, ದಾರಿಯುದ್ದಕ್ಕೂ ತಿಂದೆವು. ಮನೆಯಲ್ಲಿ ಮಗಳು ಎಲ್ಲ ಕೇಳಿ, "ಅಯ್ಯ ಅವ್ವಾ, ಒಂದ ಮಾತ ಹೇಳಬಾರದಿತ್ತೇನ?" ಅಂದಳು. "ನೀ ಕೇಳಬಾರದಿತ್ತೇನ?" ಅಂದೆ. ಇಬ್ಬರೂ ನಕ್ಕೆವು.

ಬರ್ಬ್ಯಾಂಕ್‌ನ ಆ ಹಾಲಿನಲ್ಲಿ ಗಿಟಾರು ಹಿಡಿದು ನಿಂತವಳು ನನ್ನ ಮೊಮ್ಮಗಳೇ. ಅಭ್ಯಾಸದಲ್ಲಿ ಮೊದಲ ಸಲ ಆ ಪೆಟ್ಟಿಗೆ ಹಚ್ಚಿದಾಗ ಡ್ರಮ್ಮಿನ ಹುಡುಗಿ ಕೋಲು ಕೆಳಗಿಟ್ಟು ತಿರುಗಿ ನೋಡಿದಳಂತೆ, ಆಮೇಲೆ ಬೇರೆ ಹುಡುಗಿಯ ಮಾತೇ ಬರಲಿಲ್ಲವಂತೆ. ಕಾರ್ಯಕ್ರಮದ ದಿನ ನಾನು ಬೇಕಂತಲೇ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕುಂತೆ. ಒಂದೊಂದು ತಂತಿಯೂ ಅಲ್ಲಿಯವರೆಗೆ ಬಂತು. ಪಕ್ಕದ ಹೆಂಗಸು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ನಾನು ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡು ಕುಂತಿದ್ದೆ.

ಈಗ ದಿನಾ ಊಟವಾದ ಮೇಲೆ ಅವಳು ಗರಾಜಿಗೆ ಹೋಗುತ್ತಾಳೆ, ನಾನು ಕೋಣೆಗೆ ಹೋಗುತ್ತೇನೆ. ನಡುವಿನ ಬಾಗಿಲು ತೆರೆದೇ ಇರುತ್ತದೆ, ಅದು ನನ್ನ ಅಪ್ಪಣೆ. ಪೆಟ್ಟಿಗೆ ಕಾಯುವವರೆಗೆ ಸುಮ್ಮನೆ ಸೂರು ನೋಡುತ್ತ ಮಲಗಿರುತ್ತೇನೆ. ಆ ಒರಟು ದನಿ ಶುರುವಾದರೆ ಗೋಡೆ ಸಣ್ಣಗೆ ನಡುಗುತ್ತದೆ, ಮಂಚ ನಡುಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ನಿನ್ನೆ ಗಾಢ ನಿದ್ದೆಯಲ್ಲಿದ್ದವಳಿಗೆ ಫಕ್ಕನೆ ಎಚ್ಚರವಾಯಿತು. ಮನೆಯೆಲ್ಲ ನಿಶ್ಶಬ್ದ.

"ಯಾಕ ನಿಲ್ಲಿಸಿದಿ ಕೂಸ?" ಅಂತ ಮಲಗಿದಲ್ಲಿಂದಲೇ ಕೇಳಿದೆ.

"ತಂತಿ ಕಟ್ ಆಯ್ತು ಅಜ್ಜಿ. ಒನ್ ಮಿನಿಟ್. ನೀವು ಮಲ್ಕೊಳ್ಳಿ."

"ನೀ ಶುರು ಮಾಡು ಮೊದಲ, ಆಮ್ಯಾಲ ಮಲಗತೀನಿ," ಅಂದೆ.